ಎದುರಾಳಿ ಇರುವ ಊರು

(ಬೆಂಗಳೂರಿನ ಹಲಸೂರು ಸುತ್ತಿನ ಹವ್ಯಾಸಿ ಫುಟ್ಬಾಲ್ ತಂಡವೊಂದು ಮೊದಲ ಸಲ ಹೊರದೇಶಕ್ಕೆ ಹೋಗಿ ಆಡಬೇಕೆಂದಿದೆ. ಎಲ್ಲಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತಂಡದ ಕಾರ್ಯದರ್ಶಿಗೂ, ಹಿಂದೆ ಲೀಗ್ ಆಡಿ ಈಗ ಹುಡುಗರಿಗೆ ಕೋಚ್ ಆಗಿರುವ ಹಿರಿಯರಿಗೂ ನಡುವೆ ನಡೆದ ಮಾತು ಇದು.)

ಕಾರ್ಯದರ್ಶಿ: ಸರ್, ಹುಡುಗರ ಪಟ್ಟಿ ತಂದಿದ್ದೀನಿ. ಫುಕೆಟ್‌ಗೆ ಹೆಚ್ಚು ವೋಟು ಬಿದ್ದಿದೆ. ಆಮೇಲೆ ದುಬೈ, ಮಾಲೆ, ಕೊಲಂಬೊ. ಇಬ್ಬರು ಕಾಠ್ಮಂಡು ಅಂದಿದ್ದಾರೆ, ಒಬ್ಬ ಭೂತಾನ್.

ಕೋಚ್: ಒಂದೊಂದು ಊರಿನ ಮುಂದೆ ಏನೋ ಬರೆದಿದ್ದೀಯಲ್ಲ, ಏನದು?

ಕಾರ್ಯದರ್ಶಿ: ವಿಮಾನದ ಟಿಕೆಟ್ಟು, ಹೋಟೆಲ್ಲು, ನೋಡೋ ಜಾಗಗಳು.

ಕೋಚ್: ಅಲ್ಲಿ ನಮ್ಮ ಜೊತೆ ಆಡೋರು ಯಾರು ಅಂತ ಎಲ್ಲೂ ಬರೆದಿಲ್ಲ.

ಕಾರ್ಯದರ್ಶಿ: ಅದನ್ನ ಆಮೇಲೆ ಹುಡುಕಬಹುದು ಅಂದುಕೊಂಡೆ. ಫುಟ್ಬಾಲ್ ಆಡದ ಊರು ಯಾವುದಿದೆ ಸರ್?

ಕೋಚ್: ಆಡದ ಊರಿಲ್ಲ, ನಿಜ. ಆದರೆ ನಮ್ಮ ಮಟ್ಟಕ್ಕೆ ಆಡೋರು, ನಾವು ಹೋಗೋ ವಾರ ಬಿಡುವಾಗಿರೋರು, ಮೈದಾನ ಕೈಯಲ್ಲಿರೋರು, ಮುಂದಿನ ವರ್ಷ ನಾವು ಕರೆದರೆ ಬೆಂಗಳೂರಿಗೆ ಬರೋಕೆ ಆಗೋರು, ಇಂಥವರು ಎಲ್ಲ ಊರಲ್ಲೂ ಸಿಗಲ್ಲ. ಟಿಕೆಟ್ ತೆಗೆದು ಎದುರಾಳಿಯನ್ನ ಹುಡುಕೋದು ಅಂದ್ರೆ ಛತ್ರ ಹಿಡಿದು ಹೆಣ್ಣು ಹುಡುಕೋಕೆ ಹೊರಟ ಹಾಗೆ ಕಣಪ್ಪ.

ಕಾರ್ಯದರ್ಶಿ: ಹುಡುಗರು ಪ್ರವಾಸ ಅಂದುಕೊಂಡಿದ್ದಾರೆ ಸರ್, ಟೂರ್ನಮೆಂಟ್ ಅಲ್ಲ. ವರ್ಷವಿಡೀ ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು ಬಂದವರು. ಒಂದು ಸಮುದ್ರದ ದಂಡೆ, ಒಂದೆರಡು ಸಂಜೆ ಖುಷಿ, ಇಷ್ಟು ಬೇಕೇ ಬೇಕು ಅಲ್ವಾ?

ಕೋಚ್: ಖಂಡಿತ ಬೇಕು. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಸಮುದ್ರದ ದಂಡೆಗೆ ಹನ್ನೊಂದು ಜನ ಒಟ್ಟಿಗೆ ಹೋಗೋ ಅಗತ್ಯ ಇಲ್ಲ. ಜೊತೆಗೆ ಹೋಗೋದು ಆಡೋಕೆ. ಆಡಿ ಸುಸ್ತಾಗಿ, ಗೆದ್ದವರು ಸೋತವರು ಒಂದೇ ಸಾಲಲ್ಲಿ ಕೂತು ಊಟ ಮಾಡೋದಿದೆಯಲ್ಲ, ಆ ಊರು ನೆನಪಲ್ಲಿ ಉಳಿಯೋದು ಅದರಿಂದ. ಸರಿ, ಫುಕೆಟ್‌ಗೆ ವೋಟು ಹಾಕಿದವರು ಯಾರು ಯಾರು?

ಕಾರ್ಯದರ್ಶಿ: ಹೆಚ್ಚಿನವರು ಐಟಿಯವರು. ಬ್ಯಾಂಕಿನವರು ಇಬ್ಬರು.

ಕೋಚ್: ನಮ್ಮ ಲೆಫ್ಟ್ ವಿಂಗರ್? ಗೋಲಿ?

ಕಾರ್ಯದರ್ಶಿ: ವಿಂಗರ್ ಹಾಕಿಲ್ಲ. ಗೋಲಿ ಮೆಸೇಜ್ ನೋಡಿ ಸುಮ್ಮನಾಗಿದ್ದಾನೆ.

ಕೋಚ್: ಒಬ್ಬ ಡೆಲಿವರಿ ಬೈಕ್ ಓಡಿಸ್ತಾನೆ, ಇನ್ನೊಬ್ಬ ಅಪ್ಪನ ಜೊತೆ ವೆಲ್ಡಿಂಗ್ ಅಂಗಡಿಯಲ್ಲಿ ನಿಲ್ತಾನೆ. ಸುಮ್ಮನಾದವರ ವೋಟನ್ನ ನಾನು ಮೊದಲು ಎಣಿಸ್ತೀನಿ. ಫುಕೆಟ್ ಕೆಟ್ಟ ಊರಲ್ಲ. ಒಳ್ಳೊಳ್ಳೆ ಟರ್ಫ್‌ಗಳಿವೆ, ಹೊರಗಿನಿಂದ ಬಂದು ನೆಲೆಸಿದವರು ಕಟ್ಟಿಕೊಂಡ ತಂಡಗಳಿವೆ. ಆದರೆ ಅಲ್ಲಿಗೆ ಹೋದರೆ ತಂಡದಲ್ಲಿ ದುಡ್ಡಿರೋರು ಹೋದ ಹಾಗಾಗುತ್ತೆ, ತಂಡ ಹೋದ ಹಾಗಾಗಲ್ಲ.

ಕಾರ್ಯದರ್ಶಿ: ಅವರಿಬ್ಬರ ಖರ್ಚನ್ನ ಉಳಿದವರು ಹಂಚಿಕೊಂಡರೆ?

ಕೋಚ್: ಸ್ವಲ್ಪ ಹಂಚಿಕೊಳ್ಳಲೇಬೇಕು, ಅದು ತಂಡದ ಧರ್ಮ. ಆದರೆ ಪೂರ್ತಿ ಖರ್ಚು ಇನ್ನೊಬ್ಬರದು ಅಂತಾದರೆ ಮಾನಸ್ಥ ಹುಡುಗ ಬರಲ್ಲ. ಕೊನೆ ವಾರದಲ್ಲಿ ಫೋನ್ ಮಾಡಿ ಕಾಲು ಉಳುಕಿದೆ ಸರ್ ಅಂತಾನೆ. ತನ್ನ ಪಾಲನ್ನ ತಾನೇ ಕೊಟ್ಟೆ ಅಂತ ಅವನು ಹೇಳಿಕೊಳ್ಳೋ ಹಾಗಿರಬೇಕು. ಊರಿನ ಆಯ್ಕೆ ಅಲ್ಲಿಂದ ಶುರುವಾಗಲಿ.

ಕಾರ್ಯದರ್ಶಿ: ದುಬೈ ಕೂಡ ಹಾಗಾದ್ರೆ ಹೋಯ್ತು. ಹುಡುಗರು ಅದನ್ನ ಯಾಕೆ ಬರೆದ್ರು ಗೊತ್ತಾ? 2023ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕದವರು ಸಂತೋಷ್ ಟ್ರೋಫಿ ಗೆದ್ದರಲ್ಲ, ರಿಯಾದ್‌ನಲ್ಲಿ. ಮೇಘಾಲಯದ ಮೇಲೆ 3–2. ಕೊಲ್ಲಿ ಅಂದ್ರೆ ಅವರಿಗೆ ಆ ಫೈನಲ್ ನೆನಪಾಗುತ್ತೆ.

ಕೋಚ್: ನನಗೂ ನೆನಪಾಗುತ್ತೆ. ಅದಕ್ಕೂ ಮೊದಲು ನಾವು ಗೆದ್ದಿದ್ದು 1968–69ರಲ್ಲಿ, ಆಗಿನ್ನೂ ಮೈಸೂರು ರಾಜ್ಯ ಅನ್ನೋ ಹೆಸರು. 54 ವರ್ಷ ಕಾದ ಕಪ್ ಅದು. ಆದರೆ ಅದು ರಾಜ್ಯದ ತಂಡ, ಖರ್ಚು ವೆಚ್ಚಕ್ಕೆ ಫುಟ್ಬಾಲ್ ಸಂಘ ಇತ್ತು. ಕಾಠ್ಮಂಡು ಬರೆದವರು ಯಾರು?

ಕಾರ್ಯದರ್ಶಿ: ಇಬ್ಬರೂ ಡಿಫೆಂಡರ್‌ಗಳು. ಪಾಸ್‌ಪೋರ್ಟ್ ಬೇಡ, ವೋಟರ್ ಐಡಿ ಸಾಕು ಅಂತ.

ಕೋಚ್: ಬುದ್ಧಿವಂತರು. ಅದು ಒಳ್ಳೆ ಲೆಕ್ಕ. ಫುಟ್ಬಾಲ್ ಹುಚ್ಚಿರೋ ಊರೂ ಹೌದು, ದಶರಥ ಸ್ಟೇಡಿಯಂ ತುಂಬಿದ್ದಾಗ ನೋಡಬೇಕು. ಭೂತಾನ್‌ಗೂ ವೋಟರ್ ಐಡಿ ನಡೆಯುತ್ತೆ. ಅದನ್ನ ಬರೆದ ಹುಡುಗ ಯಾರೇ ಆಗಲಿ, ಅವನ ಬೆನ್ನು ತಟ್ಟಬೇಕು.

ಕಾರ್ಯದರ್ಶಿ: ಯಾಕೆ ಸರ್?

ಕೋಚ್: 2002ರ ಜೂನ್ 30. ಆ ದಿನ ಯೊಕೊಹಾಮಾದಲ್ಲಿ ಬ್ರೆಜಿಲ್–ಜರ್ಮನಿ ವಿಶ್ವಕಪ್ ಫೈನಲ್. ನಮ್ಮ ಗೌತಮಪುರದಲ್ಲಿ ಬೀದಿಗೆ ಬೀದಿಯೇ ಹಳದಿ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಬಡಾವಣೆ ಅದು, ಇನ್ನೇನಿರುತ್ತೆ. ಅದೇ ದಿನ ಥಿಂಪುವಿನ ಚಾಂಗ್ಲಿಮಿಥಾಂಗ್ ಮೈದಾನದಲ್ಲಿ ಇನ್ನೊಂದು ಪಂದ್ಯ ನಡೀತು. ಫಿಫಾ ರ‍್ಯಾಂಕಿಂಗ್‌ನಲ್ಲಿ ಕಟ್ಟಕಡೆಯ ಎರಡು ದೇಶಗಳು, ಭೂತಾನ್ ಮತ್ತು ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್. 202ನೇ ಸ್ಥಾನದವರು, 203ನೇ ಸ್ಥಾನದವರು. ಮಾಂಟ್ಸೆರಾಟ್‌ನಲ್ಲಿ ಜ್ವಾಲಾಮುಖಿ ಉಕ್ಕಿ ಅರ್ಧಕ್ಕಿಂತ ಹೆಚ್ಚು ಜನ ದ್ವೀಪ ಬಿಟ್ಟು ಹೋಗಿದ್ದರು. ಅಂಥ ಊರಿನ ಹುಡುಗರು ಭೂಗೋಳದ ಆ ಬದಿಯಿಂದ ಹಿಮಾಲಯಕ್ಕೆ ಬಂದರು. ಭೂತಾನ್ 4–0 ಗೆದ್ದಿತು. ಆ ಪಂದ್ಯದ ಮೇಲೆ ಒಂದು ಸಾಕ್ಷ್ಯಚಿತ್ರವೂ ಬಂತು. ನನಗೆ ಆ ದಿನದ ಎರಡು ಪಂದ್ಯಗಳಲ್ಲಿ ದೊಡ್ಡದು ಥಿಂಪುವಿನದೇ. ಗೆದ್ದರೆ ಸಿಗೋ ದುಡ್ಡಿಲ್ಲ, ಸೋತರೆ ಹೋಗೋ ಸ್ಥಾನವಿಲ್ಲ. ಆದರೂ ತಮಗೆ ಸಮಾನ ಯಾರು ಅಂತ ಹುಡುಕಿಕೊಂಡು ಅಷ್ಟು ದೂರ ಬಂದರಲ್ಲ!

ಕಾರ್ಯದರ್ಶಿ: ಹಾಗಾದ್ರೆ ಭೂತಾನ್‌ಗೇ ಹೋಗೋಣ ಅಂತೀರಾ?

ಕೋಚ್: ಥಿಂಪು 2,300 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿಗಿಂತ ಎರಡೂವರೆ ಪಟ್ಟು. ಆ ಗಾಳಿಗೆ ಒಗ್ಗಿಕೊಳ್ಳೋಕೇ ಮೂರ್ನಾಲ್ಕು ದಿನ ಬೇಕು, ರಜೆ ಅಲ್ಲೇ ಮುಗೀತು. ಮೇಲೆ ನಮ್ಮವರಿಗೂ ಒಂದು ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕ. ಇಪ್ಪತ್ತು ಜನ, ಐದು ರಾತ್ರಿ ಅಂದ್ರೆ ಅದೇ 1,20,000. ಬೆಟ್ಟ ಹತ್ತೋದು ನಲವತ್ತು ದಾಟಿದ ನಮ್ಮ ಮಿಡ್‌ಫೀಲ್ಡರ್‌ಗಳಿಂದ ಆಗದ ಮಾತು.

ಕಾರ್ಯದರ್ಶಿ: ಕಾಠ್ಮಂಡುವೂ ಬೇಡ ಅನ್ನಿ, ಹುಡುಗರಿಗೆ ಸಮುದ್ರ ದಾಟಬೇಕು ಅಂತಾನೇ ಆಸೆ ಸರ್. ನನಗೆ ಕೇಳಿದರೆ ಮಾಲೆ. ಬೆಂಗಳೂರಿಂದ ನೇರ ವಿಮಾನ, ಎರಡು ಗಂಟೆ. ಇಳಿದ ಮೇಲೆ ವೀಸಾ, ಅದಕ್ಕೆ ದುಡ್ಡಿಲ್ಲ. ನಮ್ಮ ಬೆಂಗಳೂರು ಎಫ್‌ಸಿಯವರು ಎಎಫ್‌ಸಿ ಕಪ್‌ನಲ್ಲಿ ಅಲ್ಲಿನ ಮಾಜಿಯಾ ಕ್ಲಬ್ ವಿರುದ್ಧ ಆಡಿದ ಊರು. ಐದು ಲಕ್ಷ ಚಿಲ್ಲರೆ ಜನ ಇರೋ ದೇಶ ಎರಡು ಸಲ ಫೈನಲ್‌ನಲ್ಲಿ ಭಾರತವನ್ನ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಿದೆ, 2008ರಲ್ಲಿ ಒಂದು ಸಲ, 2018ರಲ್ಲಿ ಇನ್ನೊಂದು ಸಲ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಫುಟ್ಬಾಲ್ ಇನ್ನೆಲ್ಲಿದೆ?

ಕೋಚ್: ಎಲ್ಲೂ ಇಲ್ಲ, ಒಪ್ಪಿದೆ. ಆದರೆ ನೀನೇ ಹೇಳಿದ ಸಣ್ಣ ಜಾಗವೇ ತೊಡಕು. ಮಾಲೆ ದ್ವೀಪ ಎರಡು ಚದರ ಕಿಲೋಮೀಟರ್ ಆಸುಪಾಸು. ಅಷ್ಟರಲ್ಲಿ ಲಕ್ಷಕ್ಕೂ ಹೆಚ್ಚು ಜನ. ಹನ್ನೊಂದು ಜನ ಆಡೋ ಮೈದಾನಗಳನ್ನ ಬೆರಳಲ್ಲಿ ಎಣಿಸಬಹುದು, ಅವೂ ಅಲ್ಲಿನ ಕ್ಲಬ್‌ಗಳಿಗೇ ಸಾಲಲ್ಲ. ಅಲ್ಲಿ ಸಂಜೆ ಹೊತ್ತು ಒಂದೂವರೆ ಗಂಟೆ ಮೈದಾನ ಬಿಟ್ಟುಕೊಡಿ ಅಂತ ಕೇಳೋದು ಭಾನುವಾರ ಬೆಳಿಗ್ಗೆ ನಮ್ಮ ಅಶೋಕನಗರದ ಫುಟ್ಬಾಲ್ ಸ್ಟೇಡಿಯಂ ಕೇಳೋದಕ್ಕಿಂತ ಕಷ್ಟ. ಸೆವೆನ್ಸ್ ಆಡೋ ತಂಡವಾದರೆ ಮಾಲೆಯನ್ನ ಯೋಚಿಸಬಹುದು. ನಮ್ಮದು ಲೆವೆನ್ಸ್. ಊಟ ವಸತಿಯೂ ಅಗ್ಗ ಇಲ್ಲ, ತರಕಾರಿಯೂ ಹಡಗಲ್ಲಿ ಬರಬೇಕಾದ ಊರು ಅದು.

ಕಾರ್ಯದರ್ಶಿ: ಉಳಿದಿದ್ದು ಕೊಲಂಬೊ. ಒಂದೂವರೆ ಗಂಟೆ ಪ್ರಯಾಣ, ಕ್ಲಬ್‌ಗಳೂ ಹಳೆಯವು. ಕೊಂಪನ್ನವೀದಿ ಕಡೆ ಜಾವಾ ಲೇನ್, ಆಮೇಲೆ ಸಾಂಡರ್ಸ್. ನಮ್ಮವರು ಅಲ್ಲಿಗೆ ಹೋಗೋದೂ ಹೊಸದಲ್ಲ. 1933ರಲ್ಲೇ ಗೋಷ್ಠ ಪಾಲ್ ನಾಯಕತ್ವದಲ್ಲಿ ಭಾರತದ ತಂಡ ಸಿಲೋನಿಗೆ ಹೋಗಿತ್ತು ಅಂತ ಓದಿದ್ದೀನಿ.

ಕೋಚ್: ಈಗ ದಾರಿಗೆ ಬಂದೆ. ಶ್ರೀಲಂಕಾ ನನ್ನ ಮನಸ್ಸಲ್ಲೂ ಇದೆ. 1995ರಲ್ಲಿ ಕೊಲಂಬೊದಲ್ಲೇ ಭಾರತವನ್ನ ಸೋಲಿಸಿ ದಕ್ಷಿಣ ಏಷ್ಯಾದ ಕಪ್ ಎತ್ತಿದ ದೇಶ ಇವತ್ತು ಫಿಫಾ ರ‍್ಯಾಂಕಿಂಗ್‌ನಲ್ಲಿ ಇನ್ನೂರರ ಹತ್ತಿರ ಇದೆ. ಜನಕ್ಕೆ ಕ್ರಿಕೆಟ್ಟು, ಶಾಲೆಗಳಿಗೆ ರಗ್ಬಿ. ಫುಟ್ಬಾಲ್ ಉಳಿದಿರೋದು ಮೀನುಗಾರರ ಕೇರಿಗಳಲ್ಲಿ, ಬಂದರಿನ ಓಣಿಗಳಲ್ಲಿ. ಅಲ್ಲಿ ಆಡೋರು ಹಗಲು ದುಡಿದು ಸಂಜೆ ಬೂಟು ಕಟ್ಟೋರು. ನಮಗೆ ಸಮಾನ ಅಂದ್ರೆ ಅವರೇ. ಆದರೆ ಕೊಲಂಬೊ ಅಲ್ಲ, ಜಾಫ್ನಾ.

ಕಾರ್ಯದರ್ಶಿ: ಜಾಫ್ನಾ? ಸರ್, ಹುಡುಗರಿಗೆ ಜಾಫ್ನಾ ಅಂದ್ರೆ ಯುದ್ಧದ ಸುದ್ದಿ ಅಷ್ಟೇ.

ಕೋಚ್: ಯುದ್ಧ 2009ರ ಮೇ ತಿಂಗಳಲ್ಲಿ ಮುಗೀತು. ನಮ್ಮ ತಂಡದಲ್ಲಿರೋ ಚಿಕ್ಕ ಹುಡುಗ ಆಗ ಅಂಗನವಾಡಿಯಲ್ಲಿದ್ದ. ಯುದ್ಧದ ಆಚೆ ಆ ಊರನ್ನ ಯಾರೂ ಹೋಗಿ ನೋಡದಿದ್ದರೆ ಅದು ಯುದ್ಧದ ಸುದ್ದಿಯಾಗೇ ಉಳಿಯುತ್ತೆ. ಗುರುನಗರ, ಪಾಶೈಯೂರು ಅಂತ ಸಮುದ್ರದ ಬದಿಯ ಕೇರಿಗಳಿವೆ. ಮೀನುಗಾರರು, ಹೆಚ್ಚಿನವರು ಕ್ಯಾಥೊಲಿಕರು, ಫುಟ್ಬಾಲ್ ಅಂದ್ರೆ ಪ್ರಾಣ. ಊರ ನಡುವೆ ದುರೈಯಪ್ಪ ಮೈದಾನ. ಜಾಫ್ನಾದ ಮೇಯರ್ ಆಗಿದ್ದು 1975ರಲ್ಲಿ ಗುಂಡಿಗೆ ಬಲಿಯಾದ ಆಲ್‌ಫ್ರೆಡ್ ದುರೈಯಪ್ಪ ಅವರ ಹೆಸರು ಅದಕ್ಕೆ. ಯುದ್ಧದಲ್ಲಿ ಹಾಳುಬಿದ್ದಿದ್ದನ್ನ ಭಾರತ ಸರ್ಕಾರ ದುಡ್ಡು ಕೊಟ್ಟು ದುರಸ್ತಿ ಮಾಡಿಸಿತು, 2016ರ ಜೂನ್‌ನಲ್ಲಿ ಮತ್ತೆ ತೆರೀತು. ನಾವು ಕಟ್ಟಿದ ತೆರಿಗೆಯಲ್ಲಿ ಎದ್ದು ನಿಂತ ಮೈದಾನ ಅಂತಾನೇ ಇಟ್ಟುಕೋ. ಹತ್ತಿರದಲ್ಲೇ ಗ್ರಂಥಾಲಯ. 1981ರಲ್ಲಿ ಸುಟ್ಟಾಗ ಅದರಲ್ಲಿ ಸುಮಾರು 97,000 ಪುಸ್ತಕ ಇತ್ತು. ಮತ್ತೆ ಕಟ್ಟಿದ್ದಾರೆ. ಪಂದ್ಯದ ದಿನ ಬೆಳಿಗ್ಗೆ ಹುಡುಗರನ್ನ ಅಲ್ಲಿಗೆ ಕರಕೊಂಡು ಹೋಗ್ತೀನಿ.

ಕಾರ್ಯದರ್ಶಿ: ಭಾಷೆ ತೊಂದರೆ ಇಲ್ಲ, ಅದು ನಿಜ. ನಮ್ಮಲ್ಲಿ ಅರ್ಧ ಹುಡುಗರ ಮನೆಯಲ್ಲಿ ತಮಿಳೇ. ಮರ್ಫಿ ಟೌನ್, ಆಸ್ಟಿನ್ ಟೌನ್ ಹುಡುಗರು ಐದೇ ನಿಮಿಷದಲ್ಲಿ ಬೆರೀತಾರೆ.

ಕೋಚ್: ವೆಲ್ಡಿಂಗ್ ಅಂಗಡಿ ಹುಡುಗ ಫುಕೆಟ್‌ಗೆ ಹೋದರೆ ಇಂಗ್ಲಿಷ್ ಬರೋರ ಹಿಂದೆ ನಿಲ್ಲಬೇಕು. ಜಾಫ್ನಾದಲ್ಲಿ ಅವನೇ ಮುಂದೆ ನಿಂತು ಉಳಿದವರಿಗೆ ಊಟ ಹೇಳ್ತಾನೆ.

ಕಾರ್ಯದರ್ಶಿ: ಹೋಗೋದು ಹೇಗೆ? ಬೆಂಗಳೂರಿಂದ ಜಾಫ್ನಾಕ್ಕೆ ನೇರ ದಾರಿ ಇಲ್ಲವಲ್ಲ.

ಕೋಚ್: ಹಡಗು ಇದೆ. ನಾಗಪಟ್ಟಣದಿಂದ ಕಾಂಕೇಸಂತುರೈಗೆ, ಸುಮಾರು 110 ಕಿಲೋಮೀಟರ್, ನಾಲ್ಕು ಗಂಟೆ. ನಲವತ್ತು ವರ್ಷ ಹಡಗೇ ಇರಲಿಲ್ಲ. 2023ರ ಅಕ್ಟೋಬರ್ 14ಕ್ಕೆ ಮತ್ತೆ ಶುರುವಾಯ್ತು. ನಮ್ಮೂರಿಂದ ಮೈಲಾಡುತುರೈ ಕಡೆ ಹೋಗೋ ರಾತ್ರಿ ರೈಲು ಹಿಡಿದು ತಂಜಾವೂರಲ್ಲಿ ಇಳಿದರೆ, ಅಲ್ಲಿಂದ ಬಸ್ಸು. ನಾಗಪಟ್ಟಣದಲ್ಲಿ ಒಂದು ರಾತ್ರಿ ತಂಗಿ ಬೆಳಿಗ್ಗೆ ಹಡಗು ಹತ್ತೋದು. ಸಮುದ್ರ ದಾಟಬೇಕು ಅಂದ್ರಲ್ಲ, ಇದಕ್ಕಿಂತ ಚೆನ್ನಾಗಿ ದಾಟೋಕಾಗುತ್ತಾ?

ಕಾರ್ಯದರ್ಶಿ: ಕೇಳೋಕೆ ಚೆನ್ನಾಗಿದೆ. ಆದರೆ ಸರ್, ಬೈಕ್ ಓಡಿಸೋ ಹುಡುಗನಿಗೆ ಟಿಕೆಟ್ಟಿಗಿಂತ ದಿನಗಳೇ ದುಬಾರಿ. ಗಾಡಿ ನಿಂತ ದಿನ ಸಂಪಾದನೆ ಇಲ್ಲ. ರೈಲು, ಬಸ್ಸು, ಹಡಗು ಅಂತ ಹೋಗ್ತಾ ಎರಡು ದಿನ, ಬರ್ತಾ ಎರಡು ದಿನ ಕಳೆದರೆ ವಿಮಾನದಲ್ಲಿ ಉಳಿಸಿದ ಹಣ ಅವನ ಜೇಬಿಂದಲೇ ಹೋಯ್ತು. ಮೇಲೆ ಸಮುದ್ರ ಒರಟಾದರೆ ಹಡಗು ಬಿಡಲ್ಲ.

ಕೋಚ್: ನೀನು ಹೇಳಿದ್ದು ಸರಿಯಾದ ಲೆಕ್ಕ. ಏನು ಮಾಡೋಣ ಹೇಳು.

ಕಾರ್ಯದರ್ಶಿ: ಹೋಗೋದು ಹಡಗಲ್ಲಿ, ಬರೋದು ವಿಮಾನದಲ್ಲಿ. ಜಾಫ್ನಾದ ಪಲಾಲಿ ನಿಲ್ದಾಣದಿಂದ ಚೆನ್ನೈಗೆ ಸಣ್ಣ ವಿಮಾನ ಇದೆ. ಚೆನ್ನೈಯಿಂದ ರಾತ್ರಿ ರೈಲು, ಬೆಳಿಗ್ಗೆ ಬೆಂಗಳೂರು. ಹಡಗು ನಿಂತರೆ ಹೋಗೋದೂ ಚೆನ್ನೈ ಮೇಲೇ. ಇನ್ನೊಂದು, ಪಂದ್ಯಾವಳಿಗಳಲ್ಲಿ ಗೆದ್ದ ಹಣ ತಂಡದ ಖಾತೆಯಲ್ಲಿ ಬಿದ್ದಿದೆ. ಅದನ್ನ ಜರ್ಸಿಗೆ ಖರ್ಚು ಮಾಡೋದು ಬೇಡ. ದಿನಗೂಲಿ ಬಿಟ್ಟು ಬರೋರಿಗೆ ಆ ದಿನಗಳ ಸಂಪಾದನೆ ಅಂತ ಕೊಡೋಣ. ದಾನ ಅಂತ ಅನ್ನಿಸಲ್ಲ, ಅವರೂ ಸೇರಿ ಗೆದ್ದ ಹಣ ಅದು.

ಕೋಚ್: ಇದು ನನಗೆ ಹೊಳೆದಿರಲಿಲ್ಲ. ಹಾಗೇ ಮಾಡು. ಹಳೆ ಜರ್ಸಿಯಲ್ಲೇ ಆಡೋಣ.

ಕಾರ್ಯದರ್ಶಿ: ಯಾವ ತಿಂಗಳು? ಡಿಸೆಂಬರ್ ರಜೆಯಲ್ಲಿ ಅಂತ ಇಟ್ಟುಕೊಂಡಿದ್ದೆ.

ಕೋಚ್: ಡಿಸೆಂಬರ್ ಬೇಡ. ಜಾಫ್ನಾಕ್ಕೆ ಮಳೆ ಬರೋದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದಲ್ಲಿ, ತಮಿಳುನಾಡಿನ ಕರಾವಳಿಗೆ ಬಂದ ಹಾಗೇ. ಆಗ ಮೈದಾನವೂ ಇಲ್ಲ, ಹಡಗೂ ಇಲ್ಲ. ಈಸ್ಟರ್‌ಗೆ ಮುಂಚಿನ ದಿನಗಳಲ್ಲಿ ಗುರುನಗರದವರನ್ನ ಪಂದ್ಯ ಕೇಳಬಾರದು. ರಂಜಾನ್‌ನಲ್ಲಿ ನಮ್ಮ ಹುಡುಗರೇ ಉಪವಾಸ ಇರ್ತಾರೆ. ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ, ಬಿಸಿಲೂ ಸುಡುತ್ತೆ. ಜುಲೈ–ಆಗಸ್ಟ್ ಹೊತ್ತಿಗೆ ನಲ್ಲೂರು ಕಂದಸ್ವಾಮಿ ಜಾತ್ರೆ 25 ದಿನ, ಊರಲ್ಲಿ ಒಂದು ರೂಮು ಸಿಗಲ್ಲ. ಜೂನ್ ಒಳ್ಳೇದು. ಕೊಲಂಬೊದಲ್ಲಿ, ನಮ್ಮ ಮಂಗಳೂರಲ್ಲಿ ಮಳೆ ಸುರೀತಿರುವಾಗ ಜಾಫ್ನಾ ಒಣಗಿರುತ್ತೆ. ಗಾಳಿ ಮಾತ್ರ ಜೋರು. ಉದ್ದ ಚೆಂಡು ಹೊಡೆಯೋ ನಮ್ಮ ಅಭ್ಯಾಸ ಅಲ್ಲಿ ನಡೆಯಲ್ಲ, ನೆಲದ ಮೇಲೇ ಪಾಸ್ ಆಡಬೇಕು. ಅದನ್ನ ಈಗಿನಿಂದಲೇ ಕಲಿಸ್ತೀನಿ. ದಿನಾ ಒಂದು ಪಂದ್ಯ ಇಟ್ಟುಕೊಂಡರೆ...

ಕಾರ್ಯದರ್ಶಿ: ದಿನಾ ಬೇಡ ಸರ್. ತೇವದ ಸೆಕೆಯಲ್ಲಿ ತೊಂಬತ್ತು ನಿಮಿಷ ಓಡಿದ ಮಾರನೇ ದಿನ ಮತ್ತೆ ಇಳಿಸಿದರೆ ಹಿಂದೊಡೆ ಹಿಡಿದುಕೊಂಡು ಕೂರ್ತಾರೆ. ಒಂದು ದಿನ ಬಿಟ್ಟು ಒಂದು ದಿನ. ಸಂಜೆ ನಾಲ್ಕೂವರೆ ಮೇಲೆ. ಮೂರು ಪಂದ್ಯ ಸಾಕು. ಎಷ್ಟು ಬದಲಿ ಆಟಗಾರರು ಅಂತ ಮೊದಲೇ ಅವರ ಜೊತೆ ಮಾತಾಡಿಕೊಳ್ಳಬೇಕು. ಗಾಯಕ್ಕೂ ಸೇರಿಸಿ ವಿಮೆ ಮಾಡಿಸ್ತೀನಿ. ಕೆಲವು ಸಾಮಾನ್ಯ ಪ್ರವಾಸ ವಿಮೆಗಳು ಆಟದಲ್ಲಿ ಬಿದ್ದ ಪೆಟ್ಟಿಗೆ ಹಣ ಕೊಡಲ್ಲ, ಓದಿ ನೋಡಿ ತಗೋಬೇಕು.

ಕೋಚ್: ಮೂರೇ ಆಗಲಿ. ಆ ನಡುವಿನ ದಿನ ನಿನ್ನ ಸಮುದ್ರದ ದಂಡೆ, ನಿನ್ನ ಖುಷಿ. ಒಡಿಯಲ್ ಕೂಳ್ ಅಂತ ಮಾಡ್ತಾರೆ ಅಲ್ಲಿ. ತಾಳೆ ಗೆಡ್ಡೆಯ ಹಿಟ್ಟು, ಮೀನು, ಏಡಿ ಎಲ್ಲ ಹಾಕಿ ಕುದಿಸಿದ ಗಂಜಿ, ಒಂದೇ ಪಾತ್ರೆಯ ಸುತ್ತ ಎಲ್ಲ ಕೂತು ಕುಡಿಯೋದು. ಮಾಂಸ ಮೀನು ತಿನ್ನದವರಿಗೆ ದೋಸೆ, ಇಡಿಯಪ್ಪಕ್ಕೆ ಬರ ಇಲ್ಲ. ಆದರೆ ಹೊರಡೋ ಮುಂಚೆ ಹುಡುಗರಿಗೆ ಒಂದು ವಿಷಯ ತಿಳಿದಿರಬೇಕು.

ಕಾರ್ಯದರ್ಶಿ: ಯುದ್ಧದ ಮಾತು ಎತ್ತಬಾರದು ಅಂತಾನಾ?

ಕೋಚ್: ಅವರಾಗಿ ಹೇಳಿದರೆ ಕೇಳಲಿ. ನಾನು ಹೇಳ್ತಿರೋದು ಮೀನಿನ ವಿಷಯ. ನಮ್ಮ ದೇಶದ ಕರಾವಳಿಯಿಂದ ದೊಡ್ಡ ಟ್ರಾಲರ್‌ಗಳು ಹೋಗಿ ಅವರ ಕಡೆಯ ಸಮುದ್ರದ ತಳವನ್ನೇ ಬಾಚಿಕೊಂಡು ಬರ್ತವೆ. ಆ ಥರ ತಳ ಬಾಚೋದನ್ನ ಶ್ರೀಲಂಕಾ 2017ರಲ್ಲೇ ಕಾನೂನು ತಂದು ನಿಷೇಧಿಸಿದೆ. ಯುದ್ಧದ ಕಾಲದಲ್ಲಿ ಸಮುದ್ರಕ್ಕೇ ಇಳಿಯೋ ಹಾಗಿರಲಿಲ್ಲ ಆ ಜನಕ್ಕೆ. ಈಗ ಇಳಿದರೆ ಬಲೆ ಹರಿದಿರುತ್ತೆ. ನಮ್ಮ ಎದುರು ಆಡೋ ಫಾರ್ವರ್ಡ್ ಹಿಂದಿನ ರಾತ್ರಿ ಬಲೆ ಕಳಕೊಂಡವನೇ ಇರಬಹುದು. ಈ ಕಡೆಯಿಂದ ಹೋಗೋರೂ ಬಡ ಕೂಲಿಗಳೇ, ಹಿಡಿದು ಜೈಲಿಗೆ ಹಾಕಿದಾಗ ಇವರ ಮನೆಯವರೂ ಅಳ್ತಾರೆ. ಇದೆಲ್ಲ ಗೊತ್ತಿದ್ದು ಹೋಗೋ ತಂಡ ಮರ್ಯಾದೆಯಿಂದ ಆಡುತ್ತೆ.

ಕಾರ್ಯದರ್ಶಿ: ಇದನ್ನ ನೀವೇ ಹೇಳಿ ಸರ್, ಅಭ್ಯಾಸ ಮುಗಿದ ಮೇಲೆ ಒಂದು ದಿನ ಕೂರಿಸಿಕೊಂಡು. ಕಾಗದಪತ್ರ ನಾನು ನೋಡಿಕೊಳ್ತೀನಿ. ಶ್ರೀಲಂಕಾದ ಇಟಿಎ, ಅಂದ್ರೆ ಪ್ರವಾಸದ ಅನುಮತಿ, ಆನ್‌ಲೈನ್‌ನಲ್ಲೇ ಆಗುತ್ತೆ.

ಕೋಚ್: ಬರೋ ಕಾರಣ ಏನು ಅಂತ ಕೇಳಿದ ಕಡೆ ಸೌಹಾರ್ದ ಪಂದ್ಯ ಅಂತ ಇದ್ದದ್ದನ್ನೇ ಬರೀಲಿ. ಸಂಘದಲ್ಲಿ ನೋಂದಣಿ ಆಗಿರೋ ತಂಡ ನಮ್ಮದು, ಹೊರದೇಶದಲ್ಲಿ ಆಡೋಕೆ ಸಂಘದ ಅನುಮತಿಯೂ ಬೇಕು. ಅಲ್ಲಿಯೂ ಕ್ಲಬ್‌ಗಳು ಊರಿನ ಲೀಗ್ ಕೆಳಗೆ ಬರ್ತವೆ. ಹಾಗಾಗಿ ಪತ್ರ ಕ್ಲಬ್‌ಗೂ ಹೋಗಲಿ, ಲೀಗ್‌ಗೂ ಹೋಗಲಿ. ರೆಫರಿ ಯಾರು, ಮೈದಾನದ ಬಾಡಿಗೆ ಎಷ್ಟು, ನೆಲ ಮರಳೋ ಹುಲ್ಲೋ ಕೇಳು. ಬೂಟಿನ ಸ್ಟಡ್ ಅದರ ಮೇಲೆ ನಿಂತಿದೆ. ಪತ್ರದ ಕೊನೆಗೆ, ಮುಂದಿನ ವರ್ಷ ನೀವು ಬೆಂಗಳೂರಿಗೆ ಬನ್ನಿ, ಊಟ ವಸತಿ ನಮ್ಮದು ಅಂತ ಬರಿ. ಬಾಯಿಮಾತಿಗೆ ಬೇಡ. ಯಾರ ಮನೆಯಲ್ಲಿ ಎಷ್ಟು ಜನ ಉಳಿಯಬಹುದು ಅಂತ ಈಗಲೇ ಹುಡುಗರನ್ನ ಕೇಳಿ ಬರಕೋ.

ಕಾರ್ಯದರ್ಶಿ: ನಮ್ಮ ಮನೆಯಲ್ಲಿ ಮೂರು ಜನ. ಅಮ್ಮನ ಹತ್ತಿರ ಇವತ್ತೇ ಹೇಳಿಬಿಡ್ತೀನಿ. ಗುಂಪಿಗೆ ಏನಂತ ಹಾಕಲಿ?

ಕೋಚ್: ಜೂನ್, ಜಾಫ್ನಾ, ಮೂರು ಪಂದ್ಯ ಅಂತ ಹಾಕು. ಫುಕೆಟ್ ಅಂದವರಿಗೆ ಬೇಜಾರಾದರೆ ನನ್ನ ಹತ್ತಿರ ಕಳಿಸು, ಕೂತು ಮಾತಾಡ್ತೀನಿ. ಪಾಸ್‌ಪೋರ್ಟ್ ಇಲ್ಲದವರನ್ನ ಸೋಮವಾರವೇ ಕರಕೊಂಡು ಹೋಗಿ ಅರ್ಜಿ ಹಾಕಿಸು. ಈಗ ಹಾಕಿದರೆ 1,500 ರೂಪಾಯಲ್ಲಿ ಆಗುತ್ತೆ. ತಡ ಮಾಡಿ ತತ್ಕಾಲ್‌ಗೆ ಹೋದರೆ ತಲೆಗೆ ಇನ್ನೂ 2,000 ಸೇರುತ್ತೆ.